ಕಂತಿನ ವಾರ, ಗಳಿಕೆಯ ತಿಂಗಳು

ಮೊದಲ ಸಾಲಕ್ಕೆ ಅರ್ಜಿ ಬರೆಯುವ ಹೊತ್ತಿಗೆ ನಾನು ಬಾಡಿಗೆಯ ಹೊಲಿಗೆ ಯಂತ್ರದ ಮೇಲೆ ನಾಲ್ಕು ವರ್ಷ ದುಡಿದಿದ್ದೆ. ಹೊಲಿದು ಬಂದ ಹಣದಲ್ಲಿ ಸುಮಾರು ಕಾಲು ಭಾಗ ಯಂತ್ರದ ಬಾಡಿಗೆಗೇ ಹೋಗುತ್ತಿತ್ತು. ಹಾಗೆ ಕೊಟ್ಟ ಬಾಡಿಗೆಯನ್ನು ಕೂಡಿಸಿದರೆ ಅಂಥ ಎರಡು ಯಂತ್ರಗಳನ್ನು ಕೊಳ್ಳಬಹುದಾಗಿತ್ತು ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಅಷ್ಟು ಹಣ ಒಟ್ಟಿಗೆ ಕೈಗೆ ಬಂದ ದಿನ ಒಂದೂ ಇರಲಿಲ್ಲ. ಅಡವಿಡಲು ಏನೂ ಇಲ್ಲದವರಿಗೂ ಗುಂಪಿನ ಹೊಣೆಯ ಮೇಲೆ ಸಾಲ ಕೊಡುವ ಸಂಸ್ಥೆಯೊಂದು ಬಂದಿದೆ ಎಂದು ಕೇಳಿದಾಗ, ಬಡ್ಡಿ ಎಷ್ಟು ಎಂದು ವಿಚಾರಿಸುವ ಮೊದಲೇ ನಾನು ಸೇರಲು ಒಪ್ಪಿಬಿಟ್ಟಿದ್ದೆ.

ಐದು ಮಂದಿ ಸೇರಿ ಒಂದು ಗುಂಪಾಗಬೇಕು, ಐವರೂ ಒಬ್ಬರಿಗೊಬ್ಬರು ಹೊಣೆಯಾಗಬೇಕು, ಯಾರೊಬ್ಬರು ಕಂತು ತಪ್ಪಿಸಿದರೂ ಉಳಿದ ನಾಲ್ವರು ಅದನ್ನು ತುಂಬಬೇಕು ಎಂಬುದು ನಿಯಮ. ನಾಲ್ಕು ದಿನಗಳ ಕಾಲ ಈ ನಿಯಮಗಳನ್ನು ನಮಗೆ ಬಾಯಿಪಾಠ ಮಾಡಿಸಿದರು. ಐದನೆಯ ದಿನ ಮೇಲಧಿಕಾರಿಯೊಬ್ಬರು ಬಂದು ನಮ್ಮನ್ನು ಒಬ್ಬೊಬ್ಬರಾಗಿ ಎಬ್ಬಿಸಿ ಪ್ರಶ್ನೆ ಕೇಳಿದರು: ಕಂತು ಯಾವ ವಾರ, ಸಭೆ ಎಷ್ಟು ಗಂಟೆಗೆ, ಜೊತೆಯವಳು ಬಾರದೆ ಹೋದರೆ ಏನು ಮಾಡುವಿರಿ, ಮನೆಯಲ್ಲಿ ದುಡಿಯುವವರು ಎಷ್ಟು ಜನ. ವಾರಕ್ಕೆ ಎಷ್ಟು ಬಟ್ಟೆ ಹೊಲಿಯುತ್ತೀರಿ, ಗಿರಾಕಿಗಳು ಹಣವನ್ನು ಯಾವಾಗ ಕೊಡುತ್ತಾರೆ ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ಯಾರೂ ಕೇಳಲಿಲ್ಲ. ಅಂದು ಅದು ನನಗೆ ಕೊರತೆಯೆನಿಸಲಿಲ್ಲ. ಉತ್ತರ ಹೇಳಬೇಕಾದ ಪ್ರಶ್ನೆಗಳು ಎರಡು ಕಡಿಮೆಯಾದುವು ಎಂಬ ಸಮಾಧಾನವೇ ಆಯಿತು.

ಗುಂಪು ಕಟ್ಟುವಾಗ ನಾವು ಮಾಡಿದ ಇನ್ನೊಂದು ಕೆಲಸವನ್ನೂ ಇಲ್ಲಿಯೇ ಹೇಳಬೇಕು. ನಮ್ಮೊಂದಿಗೆ ಸೇರಲು ಆರನೆಯವಳೊಬ್ಬಳು ಬಂದಿದ್ದಳು. ಗಂಡ ತೀರಿಹೋಗಿ ಎರಡು ಮಕ್ಕಳನ್ನು ಒಬ್ಬಳೇ ಸಾಕುತ್ತಿದ್ದ ಆಕೆಗೆ ದಿನಗೂಲಿಯ ಹೊರತು ಬೇರೆ ಆದಾಯವಿರಲಿಲ್ಲ. ಆಕೆಯನ್ನು ಬೇಡವೆಂದವರು ಸಂಸ್ಥೆಯವರಲ್ಲ, ನಾವು. ಆಕೆ ಕಂತು ತಪ್ಪಿಸಿದರೆ ಹೊರುವವರು ನಾವೇ ಆಗಿದ್ದರಿಂದ, ಸ್ವಲ್ಪವಾದರೂ ನೆಲೆ ಕಂಡಿದ್ದ ಬೇರೊಬ್ಬಳನ್ನು ಹುಡುಕಿ ಐವರಾದೆವು. ಬಡವರಿಗೆಂದೇ ಇರುವ ಸಾಲದಿಂದ ಎಲ್ಲರಿಗಿಂತ ಬಡವಳನ್ನು ಹೊರಗಿಡುವ ಕೆಲಸವನ್ನು ಬಡವರ ಕೈಯಿಂದಲೇ ಮಾಡಿಸುವ ಏರ್ಪಾಡು ಅದು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಅರ್ಜಿ ಕೊಟ್ಟ ಎಂಟನೆಯ ದಿನಕ್ಕೆ ಸಾಲ ಕೈಸೇರಿತು. ಮಂಜೂರಾದ ಮೊತ್ತವನ್ನು ನೂರು ಪಾಲೆಂದು ಇಟ್ಟುಕೊಂಡರೆ ಎರಡು ಪಾಲನ್ನು ಶುಲ್ಕವೆಂದು, ಐದು ಪಾಲನ್ನು ಭದ್ರತಾ ಠೇವಣಿಯೆಂದು ಹಿಡಿದುಕೊಂಡು ತೊಂಬತ್ತಮೂರನ್ನು ಕೊಟ್ಟರು. ಮುಂದಿನ ವಾರದಿಂದಲೇ ಕಂತು. ಒಟ್ಟು 50 ವಾರ. ಈ ‘ಮುಂದಿನ ವಾರದಿಂದಲೇ’ ಎಂಬ ಮಾತಿನ ತೂಕ ನನಗೆ ತಿಳಿದದ್ದು ಯಂತ್ರ ಕೊಳ್ಳಲು ಹೋದಾಗ. ಹೊಸ ಯಂತ್ರಕ್ಕೆ ಸಾಲುವಷ್ಟು ಹಣ ಕೈಯಲ್ಲಿತ್ತು, ಆದರೆ ಅದನ್ನೆಲ್ಲ ಯಂತ್ರಕ್ಕೆ ಸುರಿದರೆ ಏಳು ದಿನಗಳಲ್ಲಿ ಕಂತಿಗೆ ಏನು ಕೊಡುವುದು? ಕೊನೆಗೆ ಬಳಸಿದ ಯಂತ್ರವೊಂದನ್ನು ಕೊಂಡೆ. ಸಾಲದ ಹಣದಲ್ಲಿ ಐದನೆಯ ಒಂದು ಭಾಗವನ್ನು ಡಬ್ಬಿಯಲ್ಲಿಟ್ಟು ಮೊದಲ ಎಂಟೊಂಬತ್ತು ವಾರ ಅದರಿಂದಲೇ ಕಂತು ಕಟ್ಟಿದೆ. ಎಂದರೆ, ಸಾಲದ ಒಂದು ಭಾಗವನ್ನು ನಾನು ದುಡಿಮೆಗೆ ಹಾಕಲೇ ಇಲ್ಲ. ಅದು ಬಡ್ಡಿಯನ್ನು ಹೊತ್ತುಕೊಂಡು ಸುಮ್ಮನೆ ಡಬ್ಬಿಯಲ್ಲಿ ಕುಳಿತು, ಬಂದ ಕಡೆಗೇ ಹಿಂತಿರುಗಿತು. ಗುಂಪಿನ ಇನ್ನಿಬ್ಬರೂ ಹಾಗೆಯೇ ಮಾಡಿದ್ದರೆಂದು ವರ್ಷ ಮುಗಿದ ಮೇಲೆ ಮಾತಿನ ನಡುವೆ ತಿಳಿಯಿತು. ಮೂವರೂ ಅದನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟಿದ್ದೆವು.

ಕಿರುಸಾಲದ ಚರಿತ್ರೆಯನ್ನು ಆಮೇಲೆ ಓದಿದಾಗ ಈ ವಾರದ ಕಂತು ಎಲ್ಲಿಂದ ಬಂದಿರಬಹುದೆಂಬುದು ಸ್ವಲ್ಪ ಅರ್ಥವಾಯಿತು. 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಗ್ರಾಮದಲ್ಲಿ ಅರ್ಥಶಾಸ್ತ್ರದ ಅಧ್ಯಾಪಕ ಮುಹಮ್ಮದ್ ಯೂನುಸ್ ಅವರು 42 ಮಂದಿಗೆ ಒಟ್ಟು 27 ಡಾಲರುಗಳನ್ನು ಕೊಟ್ಟದ್ದು ಈ ಚಳವಳಿಯ ಮೊದಲ ಹೆಜ್ಜೆಯೆಂದು ಎಲ್ಲರೂ ಹೇಳುತ್ತಾರೆ. ಅಲ್ಲಿ ಬಿದಿರಿನ ಸ್ಟೂಲು ಹೆಣೆಯುತ್ತಿದ್ದ ಹೆಂಗಸರು ಬಿದಿರನ್ನು ವ್ಯಾಪಾರಿಯಿಂದಲೇ ಕಡ ತಂದು, ಹೆಣೆದದ್ದನ್ನು ಅವನಿಗೇ ಅವನು ಹೇಳಿದ ಬೆಲೆಗೆ ಕೊಡುತ್ತಿದ್ದರು. ಬೆಳಿಗ್ಗೆ ಹಾಕಿದ ಬಂಡವಾಳ ಸಂಜೆಗೆ ಹಿಂತಿರುಗುವ ಅಂಥ ದುಡಿಮೆಗೆ ಸಣ್ಣ ಸಣ್ಣ ಕಂತು ನಿಜವಾಗಿಯೂ ಹೊಂದುತ್ತದೆ. ವಾರದ ಕಂತು ಅದಕ್ಕಿಂತ ಬಹಳ ಹಳೆಯದು ಕೂಡ: ಹದಿನೆಂಟನೆಯ ಶತಮಾನದಲ್ಲಿ ಲೇಖಕ ಜೊನಾಥನ್ ಸ್ವಿಫ್ಟ್ ಡಬ್ಲಿನ್ ನಗರದ ಬಡ ಕುಶಲಕರ್ಮಿಗಳಿಗೆ ಇಬ್ಬರ ಜಾಮೀನಿನ ಮೇಲೆ ಬಡ್ಡಿಯಿಲ್ಲದ ಸಣ್ಣ ಸಾಲ ಕೊಟ್ಟು ವಾರವಾರವೂ ಹಿಂಪಡೆಯುತ್ತಿದ್ದರಂತೆ. 1983ರಲ್ಲಿ ಯೂನುಸ್ ಅವರ ಗ್ರಾಮೀಣ ಬ್ಯಾಂಕ್ ಸ್ಥಾಪನೆಯಾಗಿ, 2006ರಲ್ಲಿ ಅವರಿಗೂ ಬ್ಯಾಂಕಿಗೂ ನೊಬೆಲ್ ಶಾಂತಿ ಪುರಸ್ಕಾರ ಬರುವಷ್ಟರಲ್ಲಿ ಆ ಮಾದರಿ ಅನೇಕ ದೇಶಗಳಿಗೆ ಹರಡಿತ್ತು. ಹರಡುವಾಗ ಕಂತಿನ ಪದ್ಧತಿ ಅಚ್ಚಿನಲ್ಲಿ ಒತ್ತಿದ ಹಾಗೆ ಎಲ್ಲ ಕಸುಬಿಗೂ ಹೋಯಿತು. ಕಸುಬಿನ ಲಯ ಮಾತ್ರ ಒಂದೊಂದಕ್ಕೂ ಬೇರೆಯಾಗಿಯೇ ಉಳಿಯಿತು.

ನನ್ನ ಕಸುಬಿನ ಲಯವೆಂದರೆ ಇದು: ಬಟ್ಟೆ ಹೊಲಿದು ಕೊಟ್ಟ ಮೇಲೆ ಹಣ ಬರುತ್ತದೆ, ಬಹುಪಾಲು ತಿಂಗಳ ಮೊದಲ ವಾರದಲ್ಲಿ ಬರುತ್ತದೆ, ದೊಡ್ಡ ಕೆಲಸವಾದರೆ ಇನ್ನೂ ತಡವಾಗಿ ಬರುತ್ತದೆ. ಸಾಲ ಪಡೆದ ಮೂರನೆಯ ತಿಂಗಳಲ್ಲಿ ಸಮವಸ್ತ್ರ ಹೊಲಿಯುವ ಕೆಲಸವೊಂದು ತಾನಾಗಿಯೇ ಹುಡುಕಿಕೊಂಡು ಬಂದಿತು. ದಾರ, ಗುಂಡಿ, ಲೈನಿಂಗ್ ಬಟ್ಟೆಗಳನ್ನು ನಾನೇ ಮೊದಲು ಕೊಳ್ಳಬೇಕು, ಆರು ವಾರ ಹೊಲಿಯಬೇಕು, ಎಲ್ಲವನ್ನೂ ಒಪ್ಪಿಸಿದ ಮೇಲೆ ಒಟ್ಟಿಗೆ ಹಣ. ಬಿಡಿ ಬಟ್ಟೆ ಹೊಲಿದು ನಾಲ್ಕು ತಿಂಗಳಲ್ಲಿ ಗಳಿಸುವುದನ್ನು ಆ ಆರು ವಾರಗಳಲ್ಲಿ ಗಳಿಸಬಹುದಾಗಿತ್ತು. ಆದರೆ ಆ ಆರು ವಾರಗಳಲ್ಲಿ ಆರು ಕಂತುಗಳಿದ್ದವು. ನಾನು ಆ ಕೆಲಸವನ್ನು ಬಿಟ್ಟು, ಹರಿದದ್ದಕ್ಕೆ ತೇಪೆ ಹಾಕುವ, ಅಂಚು ಮಡಿಸುವ, ಸಡಿಲಾದದ್ದನ್ನು ಬಿಗಿ ಮಾಡುವ ಕೆಲಸಗಳನ್ನೇ ಹುಡುಕಿಕೊಂಡು ಹೋದೆ. ಅವುಗಳಲ್ಲಿ ಲಾಭ ಕಡಿಮೆಯಾದರೂ ಹಣ ಅಂದೇ ಸಿಗುತ್ತಿತ್ತು. ಸಾಲ ಪಡೆದದ್ದು ಕಸುಬನ್ನು ಬೆಳೆಸಲೆಂದು; ಸಾಲದ ಕಂತು ನನ್ನನ್ನು ಕಸುಬಿನ ಅತಿ ಸಣ್ಣ ಮೂಲೆಗೆ ತಳ್ಳಿತ್ತು.

ಇದು ನನ್ನೊಬ್ಬಳ ಅವಿವೇಕವಲ್ಲವೆಂದು ಧೈರ್ಯ ಬಂದದ್ದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಬಗ್ಗೆ ತಿಳಿದಾಗ. ಅರ್ಥಶಾಸ್ತ್ರಜ್ಞರಾದ ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತು ಅವರ ಸಹೋದ್ಯೋಗಿಗಳು ಕೋಲ್ಕತ್ತದ ಕಿರುಸಾಲಗಾರರಲ್ಲಿ ಕೆಲವು ಗುಂಪುಗಳಿಗೆ ಎಂದಿನಂತೆ ಎರಡು ವಾರಗಳಲ್ಲೇ ಕಂತು ಆರಂಭಿಸಿ, ಉಳಿದವಕ್ಕೆ ಎರಡು ತಿಂಗಳ ವಿನಾಯಿತಿ ಕೊಟ್ಟು ನೋಡಿದರು. ವಿನಾಯಿತಿ ಪಡೆದವರು ಕಸುಬಿಗೆ ಹೆಚ್ಚು ಬಂಡವಾಳ ಹಾಕಿದರು, ಮೂರು ವರ್ಷಗಳ ತರುವಾಯವೂ ಅವರ ಲಾಭ ಹೆಚ್ಚಾಗಿಯೇ ಇತ್ತು. ಆದರೆ ಸಾಲ ತೀರಿಸಲಾಗದೆ ಹೋದವರೂ ಅವರಲ್ಲೇ ಹೆಚ್ಚು. ಈ ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನಷ್ಟೇ ಹೇಳುವವರನ್ನು ನಾನು ನಂಬುವುದಿಲ್ಲ. ವಾರದ ಕಂತಿಗೆ ಸಂಸ್ಥೆಗಳು ಅಂಟಿಕೊಂಡಿರುವುದು ಹಟದಿಂದಲ್ಲ, ಲೆಕ್ಕಾಚಾರದಿಂದ.

ಇಪ್ಪತ್ತಮೂರನೆಯ ವಾರ ನಮ್ಮ ಗುಂಪಿನವಳೊಬ್ಬಳು ಸಭೆಗೆ ಬರಲಿಲ್ಲ. ಆಕೆಯ ಮಗು ಆಸ್ಪತ್ರೆಯಲ್ಲಿತ್ತು. ಐವರ ಕಂತೂ ಕೂಡಿಬರುವವರೆಗೆ ಯಾರೂ ಏಳುವಂತಿಲ್ಲವೆಂದು ವಸೂಲಿಗೆ ಬಂದ ಹುಡುಗ ಹೇಳಿದ. ಅವನದೂ ತಪ್ಪೆನ್ನಲಾರೆ, ಹಣ ಕೂಡದೆ ಹಿಂತಿರುಗಿದರೆ ಅವನ ಸಂಬಳಕ್ಕೆ ಕತ್ತರಿ ಬೀಳುತ್ತಿತ್ತಂತೆ. “ಅಕ್ಕಾ, ನೀವೇ ಏನಾದರೂ ಮಾಡಿ, ನಾನು ಇನ್ನೂ ಮೂರು ಕಡೆ ಹೋಗಬೇಕು” ಎಂದು ಗೋಗರೆಯುತ್ತಿದ್ದ. ಎರಡು ಗಂಟೆ ಕುಳಿತು, ಕೊನೆಗೆ ನಾಲ್ವರೂ ಕೂಡಿ ಆ ಕಂತನ್ನು ತುಂಬಿ ಎದ್ದೆವು. ಆಕೆ ಆ ಹಣವನ್ನು ನಾಲ್ಕು ತಿಂಗಳಲ್ಲಿ ಚೂರುಚೂರಾಗಿ ತೀರಿಸಿದಳು. ಆದರೆ ಆ ನಾಲ್ಕು ತಿಂಗಳೂ ಆಕೆ ನಮ್ಮ ಬೀದಿಯ ಮೇಲೆ ಹಾಯದೆ ಸುತ್ತುಬಳಸಿ ಹೋಗುತ್ತಿದ್ದಳು, ಅದು ಗೊತ್ತಿದ್ದೂ ನಾವು ಕರೆದು ಮಾತನಾಡಿಸಲಿಲ್ಲ.

ಪರಸ್ಪರ ಹೊಣೆಯಿಲ್ಲದಿದ್ದರೆ ಬಡವರು ಸಾಲ ತೀರಿಸುವುದಿಲ್ಲ ಎಂಬ ಮಾತನ್ನು ಬಹುಕಾಲ ಪ್ರಶ್ನಿಸದೆ ಒಪ್ಪಿಕೊಳ್ಳಲಾಗಿತ್ತು. ಫಿಲಿಪ್ಪೀನ್ಸ್ ದೇಶದಲ್ಲಿ ಅರ್ಥಶಾಸ್ತ್ರಜ್ಞರಾದ ಕ್ಸೇವಿಯರ್ ಜೀನೆ ಮತ್ತು ಡೀನ್ ಕಾರ್ಲನ್ ಅವರು ಒಂದು ಬ್ಯಾಂಕಿನ ಗುಂಪುಗಳಲ್ಲಿ ಸಭೆಯನ್ನು ಉಳಿಸಿಕೊಂಡು ಹೊಣೆಯನ್ನು ಮಾತ್ರ ತೆಗೆದು ನೋಡಿದಾಗ ಬಾಕಿದಾರರ ಸಂಖ್ಯೆ ಹೆಚ್ಚಲಿಲ್ಲ. ಗ್ರಾಮೀಣ ಬ್ಯಾಂಕ್ ಕೂಡ ಈ ಶತಮಾನದ ಆರಂಭದಲ್ಲೇ ತನ್ನ ನಿಯಮಗಳನ್ನು ತಿದ್ದಿ ಆ ಹೊಣೆಯನ್ನು ಕೈಬಿಟ್ಟಿತು. ಸಭೆಯ ವಿಷಯ ಬೇರೆ. ವಾರಕ್ಕೊಮ್ಮೆ ಒಂದೆಡೆ ಕೂರುವ ನೆಪವಿಲ್ಲದಿದ್ದರೆ ಹಿಟ್ಟಿನ ಗಿರಣಿ ನಡೆಸುತ್ತಿದ್ದವಳ ಪರಿಚಯ ನನಗೆ ಆಗುತ್ತಲೇ ಇರಲಿಲ್ಲ, ಮುಂದೆ ನನ್ನ ಎರಡನೆಯ ಸಾಲಕ್ಕೆ ದಾರಿ ತೋರಿಸಿದವಳೂ ಆಕೆಯೇ.

ಬಡ್ಡಿಯ ನಿಜ ತಿಳಿದದ್ದು ಐವತ್ತು ಕಂತೂ ತೀರಿದ ಮೇಲೆ. ಕಿರು ಉದ್ದಿಮೆಗಳಿಗೆ ನೆರವು ನೀಡುವ ಬೇರೊಂದು ಸಂಸ್ಥೆಯ ತರಬೇತಿಗೆ ಗಿರಣಿಯವಳು ನನ್ನನ್ನು ಕರೆದೊಯ್ದಳು. ಅಲ್ಲಿನ ತರಬೇತುದಾರರು ನನ್ನ ಪಾಸ್ ಪುಸ್ತಕವನ್ನು ಎದುರಿಗಿಟ್ಟುಕೊಂಡು ವಾರವಾರದ ಅಂಕಿಗಳನ್ನು ಕಂಪ್ಯೂಟರಿನಲ್ಲಿ ತುಂಬಿದರು. ನನಗೆ ಹೇಳಿದ್ದ ಬಡ್ಡಿ ಶೇಕಡಾ 10. ನೂರು ಪಾಲು ಪಡೆದು ವಾರಕ್ಕೆ 2.2 ಪಾಲಿನಂತೆ 50 ವಾರ ಕಟ್ಟಿದರೆ ನೂರಾ ಹತ್ತು ಆಗುತ್ತದೆ. ಅಲ್ಲಿಗೆ ಹತ್ತೇ ಹತ್ತು. ಆದರೆ ನೂರು ಪಾಲು ವರ್ಷಪೂರ್ತಿ ನನ್ನ ಕೈಯಲ್ಲಿರಲಿಲ್ಲ. ವಾರಕ್ಕಿಷ್ಟು ಅಸಲು ತೀರುತ್ತ ಹೋಗಿ, ಸರಾಸರಿ ನೋಡಿದರೆ ನನ್ನ ಬಳಿಯಿದ್ದದ್ದು ಅರ್ಧದಷ್ಟು; ಬಡ್ಡಿ ಮಾತ್ರ ಕೊನೆಯ ವಾರದವರೆಗೂ ಪೂರ್ತಿ ನೂರರ ಮೇಲೆ. ಉಳಿದ ಬಾಕಿಯ ಮೇಲಷ್ಟೇ ಎಣಿಸಿದರೆ ಅದು ವರ್ಷಕ್ಕೆ ಶೇಕಡಾ 20ರ ಹತ್ತಿರ. ಮೊದಲೇ ಹಿಡಿದುಕೊಂಡ ಎರಡು ಪಾಲು ಶುಲ್ಕವನ್ನು ಸೇರಿಸಿದರೆ ಶೇಕಡಾ 24. ಐದು ಪಾಲು ಠೇವಣಿಯನ್ನು ಬಡ್ಡಿಯಿಲ್ಲದೆ ವರ್ಷಾಂತ್ಯದಲ್ಲಿ ಹಿಂತಿರುಗಿಸಿದ್ದನ್ನೂ ಲೆಕ್ಕಕ್ಕೆ ಹಿಡಿದರೆ ಶೇಕಡಾ 26ನ್ನು ದಾಟಿತು. ನನಗೆ ಯಾರೂ ಸುಳ್ಳು ಹೇಳಿರಲಿಲ್ಲ, ಹೇಳಿದ ಪ್ರತಿಯೊಂದು ಅಂಕಿಯೂ ಪುಸ್ತಕದಲ್ಲಿ ಬರೆದೇ ಇತ್ತು. ಅಷ್ಟಾದರೂ ಕೈಸಾಲದವರು ಕೇಳುವ ಬಡ್ಡಿಗಿಂತ ಅದು ಬಹಳ ಕಡಿಮೆ ಎಂಬುದನ್ನೂ ಇಲ್ಲಿ ಮರೆಯಬಾರದು. ಆದರೆ ಒಂದು ಸಾಲವನ್ನು ಇನ್ನೊಂದರೊಡನೆ ತೂಗಿ ನೋಡಬೇಕಾದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಕಲ್ಲ. ಒಬ್ಬರು ಪೂರ್ತಿ ಮೊತ್ತದ ಮೇಲೆ, ಇನ್ನೊಬ್ಬರು ಇಳಿಯುವ ಬಾಕಿಯ ಮೇಲೆ ಬಡ್ಡಿ ಹೇಳಿದರೆ ಕಡಿಮೆಯೆಂದು ಕಂಡದ್ದೇ ಹೆಚ್ಚಿನದಾಗಿರಬಹುದು.

ಆ ತರಬೇತಿಯ ಮೊದಲ ವಾರ ಜಮಾ, ಖರ್ಚು, ಆಸ್ತಿ, ಹೊಣೆ ಎಂದು ನಾಲ್ಕು ಅಂಕಣಗಳ ಪುಸ್ತಕ ಬರೆಯಿಸಿದರು. ಮನೆಗೆ ಬಂದು ಹನ್ನೊಂದು ದಿನ ಬರೆದು ನಿಲ್ಲಿಸಿದೆ. ಎರಡನೆಯ ವಾರ ಬೇರೊಬ್ಬರು ಬಂದು ಪುಸ್ತಕವನ್ನು ಮುಚ್ಚಿಸಿ, ಎರಡು ಚೀಲ ಹೊಲಿದುಕೊಳ್ಳಲು ಹೇಳಿದರು: ಒಂದು ಕಸುಬಿಗೆ, ಇನ್ನೊಂದು ಮನೆಗೆ. ಕಸುಬಿನ ಚೀಲದಿಂದ ವಾರಕ್ಕೊಮ್ಮೆ ನಿಗದಿಯಾದ ಕೂಲಿಯನ್ನು ನನಗೆ ನಾನೇ ಕೊಟ್ಟುಕೊಳ್ಳಬೇಕು. ಅದರ ಹೊರತು ಮನೆಯ ಖರ್ಚಿಗೆ ಕಸುಬಿನ ಚೀಲವನ್ನು ಮುಟ್ಟುವಂತಿಲ್ಲ, ಮುಟ್ಟಿದರೆ ಚೀಟಿ ಬರೆದು ಒಳಗೆ ಹಾಕಬೇಕು. ಅಷ್ಟೇ ನಿಯಮ. ಡೊಮಿನಿಕನ್ ಗಣರಾಜ್ಯದ ಕಿರು ಉದ್ದಿಮೆದಾರರಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೂ ಇಂಥ ಸರಳ ನಿಯಮಗಳನ್ನು ಕಲಿತವರ ಲೆಕ್ಕದ ರೂಢಿ ಸುಧಾರಿಸಿದ್ದನ್ನು, ಶಾಸ್ತ್ರೋಕ್ತ ಲೆಕ್ಕಶಾಸ್ತ್ರ ಕಲಿತವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣದಿದ್ದುದನ್ನು ದಾಖಲಿಸಿದೆ. ನನ್ನ ಚೀಲದಲ್ಲಿ ಮೂರು ತಿಂಗಳಿಗೆ ನಲವತ್ತಕ್ಕೂ ಹೆಚ್ಚು ಚೀಟಿಗಳು ಕೂಡಿದ್ದವು. ಹಣ ಎಲ್ಲಿ ಸೋರುತ್ತದೆಂದು ಅಷ್ಟು ದಿನ ಗಿರಾಕಿಗಳನ್ನು ದೂರುತ್ತಿದ್ದವಳಿಗೆ ಆ ಚೀಟಿಗಳನ್ನು ಹರಡಿಕೊಂಡು ಕುಳಿತಾಗ ಮಾತೇ ಹೊರಡಲಿಲ್ಲ. ಇನ್ನೊಂದು ವಿಷಯವೂ ಬೆಳಕಿಗೆ ಬಂತು: ನಾನು ಬಹಳ ಹೆಮ್ಮೆಯಿಂದ ಮಾಡುತ್ತಿದ್ದ ಕುಸುರಿ ಕೆಲಸದ ರವಿಕೆಗಳಿಗೆ ಹಿಡಿಯುವ ಸಮಯವನ್ನು ಕೂಲಿಗೆ ಎಣಿಸಿದರೆ, ಅವು ಅಂಚು ಮಡಿಸುವ ಕೆಲಸಕ್ಕಿಂತಲೂ ಕಡಿಮೆ ಗಳಿಸುತ್ತಿದ್ದವು. ದರವನ್ನು ಏರಿಸಿದೆ, ಅರ್ಧದಷ್ಟು ಗಿರಾಕಿಗಳು ಹೋದರು, ಗಳಿಕೆ ಕುಗ್ಗಲಿಲ್ಲ.

ಎರಡನೆಯ ಸಾಲ ಸಿಗಲು ಏಳು ವಾರ ಹಿಡಿಯಿತು. ಮುಂದಿನ ಹನ್ನೆರಡು ತಿಂಗಳುಗಳಲ್ಲಿ ಯಾವ ತಿಂಗಳು ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ಯಾವ ತಿಂಗಳು ಕೈ ಬರಿದಾಗುತ್ತದೆ ಎಂಬ ಪಟ್ಟಿಯನ್ನು ನಾನೇ ಬರೆಯಬೇಕಾಗಿತ್ತು, ಮತ್ತು ಬರೆದದ್ದನ್ನು ಮೂರು ಸಲ ತಿದ್ದಿಸಿದರು. “ಈ ಎರಡು ತಿಂಗಳು ಕೆಲಸವೇ ಇರೋದಿಲ್ಲ ಅಂತೀರಿ, ಹಾಗಾದರೆ ಆಗ ಕಂತು ಯಾಕಮ್ಮ ಇಡಬೇಕು?” ಎಂದು ಸಾಲದ ಅಧಿಕಾರಿ ಕೇಳಿದಾಗ ಅದು ಪರೀಕ್ಷೆಯ ಪ್ರಶ್ನೆಯಿರಬೇಕೆಂದು ಹೆದರಿ ಸುಮ್ಮನಿದ್ದೆ. ಮೊದಲ ಎರಡು ತಿಂಗಳು ಅಸಲಿನ ಕಂತಿಲ್ಲ, ಆಮೇಲೆ ತಿಂಗಳಿಗೊಂದು ಕಂತು, ಸಮವಸ್ತ್ರದ ಕೆಲಸ ಮುಗಿಯುವ ತಿಂಗಳಲ್ಲಿ ದೊಡ್ಡದು, ಬಡ್ಡಿ ಉಳಿದ ಬಾಕಿಯ ಮೇಲೆ ಮಾತ್ರ ಎಂದು ಒಪ್ಪಂದವಾಯಿತು. ವಿನಾಯಿತಿಯ ತಿಂಗಳುಗಳಲ್ಲೂ ಬಡ್ಡಿ ಏರುತ್ತಲೇ ಇರುತ್ತದೆ, ಹಾಗಾಗಿ ಅದು ಬಿಟ್ಟಿ ಬಂದ ಸೌಲಭ್ಯವಲ್ಲ. ನನ್ನೊಂದಿಗೆ ಅದೇ ಬಗೆಯ ಸಾಲ ಪಡೆದವರಲ್ಲಿ ಒಬ್ಬಳು ಆ ಎರಡು ತಿಂಗಳಲ್ಲಿ ಹಣವನ್ನೆಲ್ಲ ಒಂದೇ ಸರಕಿಗೆ ಹಾಕಿ, ಅದು ಮಾರಾಟವಾಗದೆ ಕೈಸುಟ್ಟುಕೊಂಡಳು. ವಾರವಾರವೂ ಕಂತು ಕಟ್ಟುವ ಭಯವಿದ್ದಿದ್ದರೆ ಆಕೆ ಅಷ್ಟು ದೂರ ಹೋಗುತ್ತಿರಲಿಲ್ಲವೇನೋ. ತುರ್ತಿಗೆ ಏಳು ವಾರ ಕಾಯಲಾಗದವರಿಗೆ ಎಂಟು ದಿನಗಳ ಸಾಲವೇ ಗತಿ ಎಂಬುದೂ ನಿಜ.

ಆ ಸಾಲದಲ್ಲಿ, ಬಟ್ಟೆಯ ಅಂಚು ಬಿಚ್ಚಿಕೊಳ್ಳದಂತೆ ಹೊಲಿಯುವ ಓವರ್‌ಲಾಕ್ ಯಂತ್ರವೊಂದನ್ನು ಕೊಂಡು, ಹಿಂದೆ ಕೈಬಿಟ್ಟಿದ್ದ ಸಮವಸ್ತ್ರದ ಕೆಲಸವನ್ನು ಕೇಳಿ ಪಡೆದೆ. ಬಾಡಿಗೆ ಯಂತ್ರದ ದಿನಗಳಿಗೆ ಹೋಲಿಸಿದರೆ ಈಗ ಗಳಿಕೆ ಹೆಚ್ಚು ಮತ್ತು ನಿಶ್ಚಿತ. ಬಡತನ ನೀಗಿತೆಂದು ಹೇಳಲಾರೆ. ಒಂದು ಕಾಯಿಲೆ ಬಂದರೆ ಹಿಂದಕ್ಕೆ ಜಾರುವಷ್ಟು ಹತ್ತಿರದಲ್ಲೇ ಇದ್ದೇನೆ. ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೊ, ಮಂಗೋಲಿಯಾ, ಮೊರಾಕೊ ದೇಶಗಳಲ್ಲಿ ನಡೆದು 2015ರಲ್ಲಿ ಒಟ್ಟಿಗೆ ಪ್ರಕಟವಾದ ಆರು ಅಧ್ಯಯನಗಳು ಕಿರುಸಾಲದಿಂದ ಒಂದಿಷ್ಟು ಅನುಕೂಲವಾಗುತ್ತದೆ, ಬದುಕೇ ಬದಲಾಗುವಷ್ಟಲ್ಲ ಎಂದಿವೆ. ಅದನ್ನು ಓದಿ ನನಗೆ ನಿರಾಸೆಯಾಗಲಿಲ್ಲ, ಏಕೆಂದರೆ ನನ್ನ ಚೀಲವೂ ಅದನ್ನೇ ಹೇಳುತ್ತಿತ್ತು.

ನಾವು ಗುಂಪಿನಿಂದ ಹೊರಗಿಟ್ಟಿದ್ದ ಆರನೆಯವಳಿಗೆ ಆಮೇಲೆ ಸಿಕ್ಕಿದ್ದು ಸಾಲವಲ್ಲ. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಲ್ಲಿ ಆರಂಭಿಸಿದ ಕಾರ್ಯಕ್ರಮವನ್ನು ಮಾದರಿಯಾಗಿಟ್ಟುಕೊಂಡು, ಸಾಲ ಹೊರುವ ಶಕ್ತಿಯೂ ಇಲ್ಲದವರಿಗೆ ದುಡಿಮೆಯ ಸಾಧನವನ್ನು ಉಚಿತವಾಗಿ ಕೊಟ್ಟು, ಕೆಲವು ತಿಂಗಳು ಹೊಟ್ಟೆಪಾಡಿಗೆ ಭತ್ಯೆ ನೀಡಿ, ಉಳಿತಾಯದ ರೂಢಿ ಹಾಕಿಸಿ, ಎರಡು ವರ್ಷ ಬೆನ್ನಿಗೆ ನಿಲ್ಲುವ ಯೋಜನೆಯೊಂದಕ್ಕೆ ಆಕೆ ಆಯ್ಕೆಯಾದಳು. ಆ ಮಾದರಿಯನ್ನು ಆರು ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಪರೀಕ್ಷಿಸಿ, ನೆರವು ನಿಂತ ವರ್ಷದ ತರುವಾಯವೂ ಅವರ ಆದಾಯ ಮತ್ತು ಆಸ್ತಿ ಹೆಚ್ಚಿದ್ದುದನ್ನು ಕಂಡ ವರದಿಯೂ 2015ರದೇ. ಅದರ ವೆಚ್ಚ ಸಾಲಕ್ಕಿಂತ ಬಹಳ ಹೆಚ್ಚು, ಹಾಕಿದ ಹಣ ಸಂಸ್ಥೆಗೆ ಹಿಂತಿರುಗುವುದೂ ಇಲ್ಲ. ಆದ್ದರಿಂದಲೇ ಅಂಥ ಯೋಜನೆಗಳು ವಿರಳ. ಆಕೆ ಹೊಲಿಗೆ ಯಂತ್ರವನ್ನೇ ಆರಿಸಿಕೊಂಡು, ಕಾಜಾ ಕಟ್ಟುವುದನ್ನು ಕಲಿಯಲು ನನ್ನ ಬಳಿಗೇ ಬಂದಳು. ಹಿಂದಿನದನ್ನು ಆಕೆ ಎತ್ತಲಿಲ್ಲ. ನಾನು ಎತ್ತಿದಾಗ “ನಿಮ್ಮ ಜಾಗದಲ್ಲಿದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ ಅಕ್ಕಾ” ಎಂದಳು.

ಈಗ ಸಮವಸ್ತ್ರಗಳಿಗೆ ಕಾಜಾ, ಗುಂಡಿಯ ಕೆಲಸವನ್ನು ಆಕೆಗೇ ಕೊಡುತ್ತೇನೆ. ಸಮವಸ್ತ್ರದ ಹಣ ನನಗೆ ಬರುವುದು ಕೊನೆಯಲ್ಲಾದ್ದರಿಂದ ಕೂಲಿಯನ್ನು ತಿಂಗಳಿಗೊಮ್ಮೆ ಕೊಡಲೇ ಎಂದು ಕೇಳಿದ್ದೆ. ಆಕೆ ಒಪ್ಪಲಿಲ್ಲ, ತನ್ನ ಉಳಿತಾಯದ ಗುಂಪಿಗೆ ವಾರಕ್ಕೊಮ್ಮೆ ಹಣ ಕಟ್ಟಬೇಕು, ಕೂಲಿಯೂ ವಾರಕ್ಕೇ ಬೇಕು ಎಂದಳು. ಹಾಗಾಗಿ ಕೆಲಸ ಆರಂಭಿಸುವ ಮೊದಲೇ ಆರು ವಾರಗಳ ಕೂಲಿಯನ್ನು ಕಸುಬಿನ ಚೀಲದಲ್ಲಿ ಬೇರೆ ಗಂಟು ಕಟ್ಟಿಡುತ್ತೇನೆ, ಪ್ರತಿ ಶನಿವಾರ ಬಿಚ್ಚಿ ಕೊಡುತ್ತೇನೆ.